ಅಡಿಕೆಗೆ ಹೋದ ಮಾನ

ಮಿತ್ರರೊಬ್ಬರು ಮೊನ್ನೆ ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದರು. ಹಬ್ಬದ ವರ್ಗಣಿಯ ಲೆಕ್ಕ ಅವರದು. "ಉಂಡ ಮನೆಯ ಜಂತಿ ಎಣಿಸುವವ, ಹಣ ನುಂಗಿದ" ಎಂದು ಒಬ್ಬರು ನಾಲ್ಕು ಜನರೆದುರು ಆಡಿದರಂತೆ. "ಅಬ್ರೂನುಕ್ಸಾನಿ ಫಿರ್ಯಾದಿ ಹಾಕಿಯೇ ಹಾಕುತ್ತೇನೆ" ಎಂದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆನ್ನುತ್ತಾರೆ. ಕೋರ್ಟು ಕೊಟ್ಟರೆ ಬಂದೀತೇ?

ಈ ಪ್ರಶ್ನೆಗೆ ಪುಣೆಯವರಾದ ನಾವು ದೂರ ಹೋಗಬೇಕಿಲ್ಲ. ನಾರಾಯಣ ಪೇಠೆಯ ಕೇಸರಿವಾಡೆಯ ಟಿಳಕರು ಇಂಥ ಖಟ್ಲೆಗಳಲ್ಲಿ ಎರಡೂ ಬದಿಗೆ ನಿಂತವರು. ಕೊಲ್ಹಾಪುರದ ದಿವಾನ ಬರ್ವೆಯವರು ಅಲ್ಲಿನ ಮಹಾರಾಜರಿಗೆ ಕಿರುಕುಳ ಕೊಡುತ್ತಿದ್ದಾರೆಂದು 'ಕೇಸರಿ', 'ಮರಾಠಾ' ಪತ್ರಿಕೆಗಳು ಬರೆದವು. ನಂಬಿದ್ದ ಪತ್ರಗಳು ಖೊಟ್ಟಿಯೆಂದು ತಿಳಿದಾಗ ಟಿಳಕರೂ ಆಗರಕರರೂ ಕ್ಷಮೆ ಕೇಳಿದರು. ಬರ್ವೆ ಬಿಡಲಿಲ್ಲ. 1882ರಲ್ಲಿ ಇಬ್ಬರಿಗೂ ನಾಲ್ಕು ತಿಂಗಳ ಸಜೆಯಾಗಿ, ಮುಂಬಯಿಯ ಡೋಂಗ್ರಿ ತುರಂಗದಲ್ಲಿ 101 ದಿನ ಕಳೆದರು. ಬರ್ವೆ ಗೆದ್ದರು, ನಿಜ. ಇಂದು ನಾವು ಅವರ ಹೆಸರು ಕೇಳುವುದು ಮಾತ್ರ ಆ ಖಟ್ಲೆಯ ನೆಪದಿಂದಲೇ.

ಮುಂದೆ ವ್ಯಾಲೆಂಟೈನ್ ಚಿರೋಲ್ ಎಂಬ ಆಂಗ್ಲ ಪತ್ರಕರ್ತ 1910ರ ತನ್ನ ಪುಸ್ತಕದಲ್ಲಿ ಟಿಳಕರನ್ನು ಹಳಿದಾಗ ಅವರೇ ವಾದಿಯಾದರು. ಲಂಡನ್ನಿನಲ್ಲಿ ಎದುರು ವಕೀಲ ಕಾರ್ಸನ್ ಅವರ ಹಿಂದಿನದನ್ನೆಲ್ಲ ಕೆದಕಿದ. 1919ರಲ್ಲಿ ಜೂರಿ ಚಿರೋಲನ ಪರವಾಗಿ ತೀರ್ಪಿತ್ತಿತು. ಲಕ್ಷಗಟ್ಟಲೆ ಹಣ ಹೋಯಿತು. ಆದರೂ ಇಲ್ಲಿನ ಜನ ಅವರನ್ನು ಲೋಕಮಾನ್ಯರೆನ್ನುವುದನ್ನು ಬಿಡಲಿಲ್ಲ.

"ಅವರು ಟಿಳಕರು, ನಾನು ಗುಮಾಸ್ತ" ಎಂದರು ಮಿತ್ರರು.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಊರಿನಲ್ಲಾದರೆ ಅಜ್ಜನ ಕಾಲದಿಂದ ಬಲ್ಲವರು ಇರುತ್ತಾರೆ. ಯಾರೋ ಏನೋ ಅಂದರೆ "ಹೋಗೋ ಮಾರಾಯ" ಎಂದು ಅವರೇ ಬಾಯಿ ಮುಚ್ಚಿಸುತ್ತಾರೆ. ಇಲ್ಲಿ ನಮ್ಮನ್ನು ಬಲ್ಲದ್ದು ಐವತ್ತು ಮನೆ. ಮಗಳಿಗೆ ಸಂಬಂಧ ಕೂಡಿ ಬರುವುದೂ ಅಲ್ಲಿಂದಲೇ. ಪರಸ್ಥಳದಲ್ಲಿ ಹೆಸರೇ ನಮ್ಮ ಹೊಲ, ಹೆಸರೇ ಮನೆ. ಸುಮ್ಮನಿರಿ ಎಂದು ಉಪದೇಶ ಮಾಡುವುದು ಸುಲಭ.

ಕಾಯಿದೆಯೂ ಇದೆ. ಹಳೆಯ 499, 500ನೇ ಕಲಮುಗಳ ಜಾಗದಲ್ಲಿ 2024ರ ಜುಲೈಯಿಂದ ನ್ಯಾಯ ಸಂಹಿತೆಯ 356ನೇ ಕಲಮು ಬಂದಿದೆ. ಎರಡು ವರ್ಷದವರೆಗೆ ಸಜೆಯಾಗಬಹುದು. ನಷ್ಟಭರ್ತಿಯ ದಿವಾಣಿ ದಾವೆಯನ್ನು ಒಂದು ವರ್ಷದೊಳಗೆ ಹೂಡಬೇಕು. ಆದರೆ ನಾಲ್ಕು ಜನ ಕೇಳಿದ ಮಾತನ್ನು ಅಲ್ಲಿ ನಲವತ್ತು ಜನ ಕೇಳುತ್ತಾರೆ. ಮಿತ್ರರಿಗೆ ಬೇಕಾದದ್ದು ಆಡಿದವನ ಸಜೆಯೇ, ಆ ನಾಲ್ವರ ನಂಬಿಕೆಯೇ? ನಂಬಿಕೆಯಾದರೆ, ಅದೇ ನಾಲ್ವರನ್ನು ಕೂರಿಸಿ ವಹಿ ಬಿಚ್ಚಿ ತೋರಿಸಿ, ಆಡಿದವನ ಬಾಯಿಂದಲೇ ಮಾತು ಹಿಂದಕ್ಕೆ ಪಡೆಯಬೇಕು. ಅವನು ಒಪ್ಪದಿದ್ದರೆ ಕೋರ್ಟಿಗೆ ಹೋಗಲಿ, ನಾನೂ ಜೊತೆಗೆ ಹೋಗುತ್ತೇನೆ.

ಹೊರಡುವಾಗ ಮಿತ್ರರು ಬಾಗಿಲಲ್ಲಿ ನಿಂತರು. "ಶಿವಾಜಿನಗರದ ಕೋರ್ಟಿನಲ್ಲಿ ಜಂತಿ ಎಣಿಸುವುದನ್ನು ಮರಾಠಿಯಲ್ಲಿ ಹೇಗೆ ಹೇಳುವುದು? ಎಣಿಸಿದರೆ ತಪ್ಪೇನು ಅಂದಾರು!" ಮೊದಲ ಸಲ ನಕ್ಕರು. ಇನ್ನೂ ಏನೂ ನಿರ್ಧರಿಸಿಲ್ಲ. ಗಡುವಿಗೆ ಹತ್ತು ತಿಂಗಳಿದೆ.