ಮನದ ತೃಪ್ತಿ ಮತ್ತು ಭಂಡಾರದ ಬಾಗಿಲು

ಬಸವಪುರಾಣದಲ್ಲಿ ಒಂದು ಪ್ರಸಂಗ ಬರುತ್ತದೆ. ಭಂಡಾರಿಯಾದ ಬಸವಣ್ಣನವರು ಅರಸನ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಮತ್ಸರಿಗಳು ಬಿಜ್ಜಳನಲ್ಲಿ ದೂರಿದರು. ಅಣ್ಣನವರು ತಮ್ಮ ಮನಸ್ಸಿನ ನಿರ್ಮಲತೆಯನ್ನು ಸಾಕ್ಷಿಗೆ ಕರೆದು ಸುಮ್ಮನಾಗಬಹುದಾಗಿತ್ತು; ಅವರಂಥವರು ಹಾಗೆಂದರೆ ನಂಬದವರಾರು? ಆದರೆ ಅವರು ಭಂಡಾರವನ್ನು ತೆರೆಯಿಸಿ ಲೆಕ್ಕ ತೋರಿಸಿದರು, ಏನೂ ಕಡಮೆಯಾಗಿರಲಿಲ್ಲ. ನಾವು ಈ ಕಥೆಯನ್ನು ಪವಾಡವೆಂದು ಕೇಳಿ ಆನಂದಿಸುತ್ತೇವೆ. ಹೊನ್ನು ಉಳಿದುದು ಪವಾಡವಿರಬಹುದು. ಬಾಗಿಲು ತೆರೆದುದು ಪವಾಡವಲ್ಲ, ಆಚಾರ.

ಈ ಪ್ರಸಂಗವು ನೆನಪಾದುದು ನಮ್ಮ ದೇಶದ ಕಾಯಿದೆಯೊಂದರ ಮಾತನ್ನು ಕುರಿತು ಯೋಚಿಸುತ್ತಿದ್ದಾಗ. ಅಪರಾಧ ಮಾಡಿದವನನ್ನು ಹಿಡಿದು ವಿಚಾರಣೆಗೊಳಪಡಿಸುವುದು ಒಂದು ಬಗೆ. ಮುಂದೆ ಕೇಡು ಮಾಡಿಯಾನೆಂದು ಮೊದಲೇ ಹಿಡಿದು, ವಿಚಾರಣೆಯಿಲ್ಲದೆ ಸೆರೆಯಲ್ಲಿಡುವುದು ಇನ್ನೊಂದು ಬಗೆ. ಈ ಎರಡನೆಯದಕ್ಕೆ, ಅಂದರೆ ಮುಂಜಾಗ್ರತೆಯ ಬಂಧನಕ್ಕೆ, ಕಾಯಿದೆಯು ಕೇಳುವುದು ಸಾಕ್ಷ್ಯವನ್ನಲ್ಲ. ಬಂಧಿಸುವುದು ಅಗತ್ಯವೆಂದು ಅಧಿಕಾರಿಗೆ 'ತೃಪ್ತಿ'ಯಾದರೆ ಸಾಕು. ತೃಪ್ತಿಯೆಂಬುದು ಅಂತರಂಗದ ಸಂಗತಿ. ತನ್ನ ಅಂತರಂಗವನ್ನು ತಾನೇ ನಂಬಬಾರದೆಂದು, ಅದನ್ನು ಅನುಭಾವಿಗಳ ನಡುವೆ ಒರೆಗೆ ಹಚ್ಚಬೇಕೆಂದು ಶರಣರು ಕಲಿಸಿದರಲ್ಲವೆ? ಹಾಗಿರುವಾಗ ಒಬ್ಬ ಅಧಿಕಾರಿಯ ಮನದ ಸಮಾಧಾನವು ಇನ್ನೊಬ್ಬನ ಸೆರೆವಾಸಕ್ಕೆ ಪ್ರಮಾಣವಾಗುವುದು ಹೇಗೆ?

ಇಂಥ ಅಧಿಕಾರವೇ ಬೇಡವೆಂದು ಹೇಳುವುದು ಸುಲಭ. ಆದರೆ ಮನೆಮಠ ಉಳ್ಳವರು ಹಾಗೆ ಹೇಳಲಾರರು. 2008ರ ನವೆಂಬರಿನಲ್ಲಿ ಮುಂಬಯಿಗೆ ಸಮುದ್ರಮಾರ್ಗವಾಗಿ ಬಂದ ಹತ್ತು ಮಂದಿ 166 ಜೀವಗಳನ್ನು ಬಲಿತೆಗೆದುಕೊಂಡರು. ರೈಲ್ವೆ ನಿಲ್ದಾಣದಲ್ಲಿ ಊರಿಗೆ ಹೊರಟು ನಿಂತಿದ್ದವರಿಗೂ ಬದುಕುವ ಹಕ್ಕಿತ್ತು. ಕೇಡು ನಡೆದ ಮೇಲೆ ಹಿಡಿಯುವೆನೆಂಬ ಸರ್ಕಾರವು ಅವರ ಪಾಲಿಗೆ ಇದ್ದೂ ಇಲ್ಲದಂತೆ. ರಾಜ್ಯಾಂಗವನ್ನು ರಚಿಸಿದ ಹಿರಿಯರು, ತಾವೇ ಪರಕೀಯರ ಸೆರೆಮನೆಗಳನ್ನು ಕಂಡು ಬಂದಿದ್ದ ಅನೇಕರು, ಈ ಅಧಿಕಾರವನ್ನು 22ನೆಯ ಅನುಚ್ಛೇದದಲ್ಲಿ ಉಳಿಸಿಕೊಂಡದ್ದಕ್ಕೆ ದೇಶವಿಭಜನೆಯ ರಕ್ತಪಾತವು ಅವರ ಕಣ್ಣಮುಂದಿದ್ದುದೂ ಕಾರಣ. ಆದರೆ ಅದರೊಡನೆ ಎರಡು ಕಟ್ಟುಗಳನ್ನೂ ಇಟ್ಟರು. ಬಂಧನದ ಕಾರಣವನ್ನು ಬೇಗನೆ ಬಂದಿಗೆ ತಿಳಿಸಬೇಕು. ಮೂರು ತಿಂಗಳಿಗೆ ಮೀರಿ ಇಡಬೇಕಾದರೆ ಸಲಹಾ ಮಂಡಲಿಯೊಂದು ಒಪ್ಪಬೇಕು. ಕಾರಣ ಹೇಳು, ಮತ್ತೊಬ್ಬನಿಗೆ ತೋರಿಸು ಎಂಬುದೇ ಇವುಗಳ ತಿರುಳು.

1950ರ ಫೆಬ್ರವರಿಯಲ್ಲಿ ಮುಂಜಾಗ್ರತೆಯ ಬಂಧನದ ಮೊದಲ ಕಾಯಿದೆ ಬಂದಿತು. ಅದರ 14ನೆಯ ಪ್ರಕರಣವು ವಿಚಿತ್ರವಾದುದು: ಬಂದಿಗೆ ತಿಳಿಸಿದ ಕಾರಣಗಳನ್ನು ಅವನು ನ್ಯಾಯಾಲಯಕ್ಕೂ ಹೇಳಕೂಡದು! ಕಮ್ಯೂನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಮೇ ತಿಂಗಳಲ್ಲಿ ಕಾಯಿದೆಯ ಉಳಿದ ಭಾಗವನ್ನು ಎತ್ತಿಹಿಡಿದರೂ ಈ 14ನೆಯ ಪ್ರಕರಣವನ್ನು ಮಾತ್ರ ಹೊಡೆದುಹಾಕಿತು. ಗೋಪಾಲನ್ ಸೋತರು, ಆದರೆ ನ್ಯಾಯಾಧೀಶನ ಕಣ್ಣಿಗೆ ಬಟ್ಟೆ ಕಟ್ಟಲಾಗದೆಂಬುದು ಅಂದು ಸ್ಥಿರವಾಯಿತು.

ಸ್ಥಿರವಾಯಿತೆಂದು ತಿಳಿದುದು ಭ್ರಮೆ. ಇಪ್ಪತ್ತೈದು ವರ್ಷಗಳ ತರುವಾಯ, 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಿತವಾದ ಬಳಿಕ, 'ಮೀಸಾ' ಎಂದು ಹೆಸರಾದ 1971ರ ಕಾಯಿದೆಗೆ ಸುಗ್ರೀವಾಜ್ಞೆಗಳಿಂದ ತಿದ್ದುಪಡಿ ಮಾಡಿ, ಕಾರಣಗಳನ್ನು ಬಂದಿಗೆ ತಿಳಿಸಬೇಕಾಗಿಲ್ಲ, ಅವು ರಾಜ್ಯದ ಗುಟ್ಟು, ನ್ಯಾಯಾಲಯಕ್ಕೂ ತೋರಿಸಲಾಗದು ಎಂದು ವಿಧಿಸಿದರು. ಮುಂದಿನ ಬಾಗಿಲಿನಿಂದ ಹೊರಗಟ್ಟಿದುದು ಹಿತ್ತಿಲಿನಿಂದ ಬಂದು ಮನೆಯ ಯಜಮಾನನಾಯಿತು. ವಿಚಾರಣೆಯಿಲ್ಲದೆ ಸೆರೆಯಾದವರು ಒಂದು ಲಕ್ಷಕ್ಕೂ ಮಿಕ್ಕು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ವಾಜಪೇಯಿ, ಅದ್ವಾನಿ ಮೊದಲಾದ ಮುಖಂಡರಿದ್ದರು. ಅಲ್ಲಿಯೇ ಚಲಚ್ಚಿತ್ರ ಮತ್ತು ನಾಟಕರಂಗದ ಕಲಾವಿದೆ ಸ್ನೇಹಲತಾ ರೆಡ್ಡಿಯವರು ಉಬ್ಬಸರೋಗದಿಂದ ನರಳುತ್ತ ಎಂಟು ತಿಂಗಳು ಕಳೆದರು. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರನ್ನು ಸೆರೆಯಲ್ಲಿಟ್ಟುದಕ್ಕೂ ಯಾರದೋ ತೃಪ್ತಿಯೊಂದು ಕಾಗದದ ಮೇಲೆ ಇದ್ದಿರಲೇಬೇಕು.

ಕರ್ನಾಟಕದ್ದೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳು ಬಂದಿಗಳ ಅರ್ಜಿಯನ್ನು ಕೇಳುವೆವೆಂದುವು. ಸರ್ಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಪೋಲೀಸಿನವನೊಬ್ಬನು ಸ್ವಂತ ಹಗೆಯಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೆ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಕೇಳಿದಾಗ, ತಮ್ಮ ವಾದದಂತೆ ಇಲ್ಲವೆಂದು ಸರ್ಕಾರದ ವಕೀಲರು ಒಪ್ಪಿಕೊಂಡರು. ಆದರೂ 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ಪರವಾಗಿ ತೀರ್ಪಿತ್ತರು. ಖನ್ನಾ ಒಬ್ಬರೇ ಬೇರೆ ನಿಂತರು. ಮುಂದಿನ ಜನವರಿಯಲ್ಲಿ ಅವರ ಪಾಲಿಗೆ ಬರಬೇಕಾಗಿದ್ದ ಮುಖ್ಯ ನ್ಯಾಯಮೂರ್ತಿಯ ಪೀಠವು ಅವರಿಗಿಂತ ಕಿರಿಯರಿಗೆ ಸಂದಿತು, ಖನ್ನಾ ರಾಜೀನಾಮೆಯಿತ್ತರು. ಆ ನಾಲ್ವರೂ ವಿದ್ವಾಂಸರು, ಸಜ್ಜನರು. ಆಪತ್ಕಾಲದಲ್ಲಿ ಸರ್ಕಾರವನ್ನು ನಂಬಬೇಕೆಂದು ಅವರು ಪ್ರಾಮಾಣಿಕವಾಗಿಯೇ ಭಾವಿಸಿರಬಹುದು. ನನ್ನನ್ನು ಹೆಚ್ಚು ಕಳವಳಗೊಳಿಸುವುದು ಇದೇ. ದುಷ್ಟರು ಅಧಿಕಾರಕ್ಕೆ ಲೆಕ್ಕ ಕೊಡದಿರುವುದರಲ್ಲಿ ಆಶ್ಚರ್ಯವೇನು? ಒಳ್ಳೆಯವರೂ ಲೆಕ್ಕ ಕೇಳುವುದನ್ನು ಬಿಟ್ಟುಬಿಡುವ ಕಾಲವೊಂದು ಬರುತ್ತದೆ.

ಆ ತೀರ್ಪನ್ನು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ತಳ್ಳಿಹಾಕಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಅಭಿಮಾನದ ಸಂಗತಿ.

ಗುಟ್ಟು ಬೇಡವೇ ಬೇಡವೆಂಬುದು ನನ್ನ ಮತವಲ್ಲ. ಸುದ್ದಿ ಕೊಟ್ಟವನ ಹೆಸರು ಹೊರಬಿದ್ದರೆ ಅವನ ಪ್ರಾಣಕ್ಕೆ ಅಪಾಯ. ಅಂಥ ಸಂಗತಿಯನ್ನು ಬಂದಿಗೆ ಹೇಳದಿರಲು 22ನೆಯ ಅನುಚ್ಛೇದವೇ ಅವಕಾಶ ಕೊಟ್ಟಿದೆ. ಸಂತೆಯಲ್ಲಿ ಸಾರಬೇಕಾಗಿಲ್ಲ, ಬಂಧಿಸಿದವನ ಹಂಗಿಲ್ಲದ ಒಬ್ಬನಾದರೂ ನೋಡಬೇಕು. ಮುಂಬಯಿಯ ಘಟನೆಯ ಅನಂತರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯಿದೆಗೆ ಸೇರಿಸಿದ ಪ್ರಕರಣದಂತೆ, ಆರೋಪವು ಮೇಲ್ನೋಟಕ್ಕೆ ನಿಜವೆಂದು ತೋರಿದರೆ ಜಾಮೀನು ಕೊಡಕೂಡದು. ಮೇಲ್ನೋಟದಿಂದ ತೊಡಗಿದ ಸೆರೆಯು ವಿಚಾರಣೆ ಮುಗಿಯದೆ ವರ್ಷಗಟ್ಟಲೆ ನಡೆಯುವುದುಂಟು. ಅಂಥ ವಿಳಂಬವಾದಾಗ ನ್ಯಾಯಾಲಯವು ಜಾಮೀನು ಕೊಡಬಹುದೆಂದು 2021ರಲ್ಲಿಯೂ, ಬಂಧನದ ಕಾರಣಗಳನ್ನು ಬರಹದಲ್ಲಿಯೇ ಕೊಡಬೇಕೆಂದು 2024ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಹೇಳಿತು.

ಮುಂಜಾಗ್ರತೆಯ ಬಂಧನದ ಮಾತು ಇನ್ನೊಂದಿದೆ. ತುರ್ತುಪರಿಸ್ಥಿತಿಯ ಪಾಠವನ್ನು ಕಲಿತ ಸಂಸತ್ತು 1978ರಲ್ಲಿ ರಾಜ್ಯಾಂಗಕ್ಕೆ 44ನೆಯ ತಿದ್ದುಪಡಿ ಮಾಡಿತು. ಆ ಮೂರು ತಿಂಗಳು ಎರಡಾಗಬೇಕು. ಸಲಹಾ ಮಂಡಲಿಯನ್ನು ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ ರಚಿಸಬೇಕು. ಹಾಲಿ ನ್ಯಾಯಾಧೀಶರೇ ಅದರ ಅಧ್ಯಕ್ಷರಾಗಬೇಕು ಎಂದು ಅದರಲ್ಲಿ ಬರೆದಿದೆ. ತಿದ್ದುಪಡಿಯ ಉಳಿದ ಭಾಗಗಳು 1979ರಲ್ಲಿಯೇ ಜಾರಿಗೆ ಬಂದುವು. ಈ ಭಾಗವು ಜಾರಿಗೆ ಬರುವ ದಿನವನ್ನು ಗೊತ್ತುಮಾಡುವ ಕೆಲಸವನ್ನು ಮಾತ್ರ ಸರ್ಕಾರಕ್ಕೆ ಬಿಡಲಾಗಿತ್ತು. ಅಲ್ಲಿಂದೀಚೆಗೆ ಎಲ್ಲ ಪಕ್ಷಗಳವರೂ, ಅಂದು ಸೆರೆಯಲ್ಲಿದ್ದವರೂ, ಆ ಗದ್ದುಗೆಯ ಮೇಲೆ ಕುಳಿತು ಎದ್ದಿದ್ದಾರೆ. ಆ ದಿನವನ್ನು ಯಾರೂ ಗೊತ್ತುಮಾಡಿಲ್ಲ.