ದೇವರ ಚಿತ್ತವಾದರೆ

ನಾನು ಹುಟ್ಟಿ ಬೆಳೆದದ್ದು ಕ್ರೈಸ್ತರ ಮನೆಯಲ್ಲಿ. ನಮ್ಮ ಹಿರಿಯರು ನಾಳೆಯ ಮಾತನ್ನು ಎಂದೂ ಬರಿದಾಗಿ ಆಡಿದವರಲ್ಲ. 'ದೇವರ ಚಿತ್ತವಾದರೆ ಬುಧವಾರ ಬರುತ್ತೇನೆ' ಎಂದು ಕಾಗದ ಬರೆಯುವರು. 'ದೇವರ ಚಿತ್ತವಾದರೆ ಮಳೆಗೆ ಮುಂಚೆ ಹಂಚು ಹೊದಿಸಬೇಕು' ಎನ್ನುವರು. ನಾಳೆ ಇಂಥ ಊರಿಗೆ ಹೋಗುತ್ತೇವೆ, ಒಂದು ವರ್ಷ ಇದ್ದು ವ್ಯಾಪಾರಮಾಡಿ ಲಾಭ ಗಳಿಸುತ್ತೇವೆ ಎಂದುಕೊಳ್ಳುವವರಿಗೆ ಯಾಕೋಬನ ಪತ್ರಿಕೆಯಲ್ಲಿ ಹೇಳಿರುವ ಬುದ್ಧಿವಾದವೇ ಈ ರೂಢಿಗೆ ಮೂಲ. ನೆರೆಮನೆಯವರು ಅದನ್ನೇ 'ದೇವರಿಟ್ಟ ಹಾಗಾಗಲಿ' ಎನ್ನುತ್ತಿದ್ದರು. ಬೀದಿಯ ಕೊನೆಯ ಸಾಹೇಬರು 'ಇನ್ಷಾ ಅಲ್ಲಾ' ಎನ್ನುತ್ತಿದ್ದರು. ಮನುಷ್ಯನ ನಾಲಗೆಗೆ ಇದೊಂದು ಒಳ್ಳೆಯ ಕಡಿವಾಣ.

ಆದರೆ ಹೆಚ್ಚು ಕೈ ಬದಲಾದ ನಾಣ್ಯ ಸವೆಯುವಂತೆ ಈ ಮಾತೂ ಸವೆದಿದೆ. ಬಯಸಿದ ಊರಿಗೆ ವರ್ಗವಾದರೆ ಅದು ದೇವರ ನಡೆಸುವಿಕೆ. ಬಯಸದ ಊರಿಗಾದರೆ ಮೇಲಧಿಕಾರಿಯ ಕಿತಾಪತಿ. ಹೆಣ್ಣಿನ ಮನೆಯವರು ಕೊಡುವ ಹಣ ಸಾಲದೆಂದು ಸಂಬಂಧ ಮುರಿದುಕೊಂಡವರೊಬ್ಬರು 'ಏನು ಮಾಡುವುದು, ದೇವರ ಚಿತ್ತವಿರಲಿಲ್ಲ' ಎಂದು ನಿಟ್ಟುಸಿರು ಬಿಟ್ಟದ್ದನ್ನು ನಾನೇ ಕೇಳಿದ್ದೇನೆ. ವರ್ಷವೆಲ್ಲ ಪುಸ್ತಕ ಮುಟ್ಟದ ಹುಡುಗ ಪರೀಕ್ಷೆಯ ಹಿಂದಿನ ದಿನ ಬಂದು 'ದೇವರ ಮೇಲೆ ಭಾರ ಹಾಕಿದ್ದೇನೆ ಸಾರ್' ಎನ್ನುತ್ತಾನೆ. ಹನ್ನೆರಡು ತಿಂಗಳ ಭಾರವನ್ನು ಒಂದೇ ರಾತ್ರಿ ಹೊರಿಸಿದರೆ ದೇವರಾದರೂ ಏನು ಮಾಡಿಯಾನು! ನಗೆಯ ಮಾತು ಹಾಗಿರಲಿ. ನನ್ನ ಬಯಕೆ ಯಾವುದು, ದೇವರ ಚಿತ್ತ ಯಾವುದು ಎಂದು ಬೇರೆಮಾಡಿ ತಿಳಿಯುವುದು ಹೇಗೆ? ದೇವರ ಮೇಲೆ ಭಾರ ಹಾಕಿದವನಿಗೆ ತಾನು ಮಾಡಬೇಕಾದದ್ದು ಏನಾದರೂ ಉಳಿಯುತ್ತದೆಯೇ? ಕೇಳಿದ್ದು ಕೈಗೂಡದೆ ಹೋದಾಗ ಆ ನಂಬಿಕೆಯ ಗತಿಯೇನು? ದಿನಬೆಳಗಾದರೆ ಪ್ರಾರ್ಥನೆ ಮಾಡುವ ಸಾಮಾನ್ಯ ಸಂಸಾರಸ್ಥನನ್ನು ಕಾಡುವ ಪ್ರಶ್ನೆಗಳು ಇವು.

ಈ ವಿಚಾರ ಬಂದಾಗಲೆಲ್ಲ ನನಗೆ ಜಾರ್ಜ್ ಮುಲ್ಲರ್ ಅವರ ನೆನಪಾಗುತ್ತದೆ. 1805ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಬಂದು, ಬ್ರಿಸ್ಟಲ್ ನಗರದಲ್ಲಿ ಅನಾಥ ಮಕ್ಕಳ ಮನೆಗಳನ್ನು ಕಟ್ಟಿದವರು. ಯಾರ ಬಳಿಯೂ ಹಣ ಕೇಳಬಾರದು, ಸಾಲ ಮಾಡಬಾರದು, ಬೇಕಾದದ್ದನ್ನು ದೇವರೊಬ್ಬನಲ್ಲಿಯೇ ಬೇಡಬೇಕು ಎಂಬುದು ಅವರ ವ್ರತ. 1836ರಲ್ಲಿ ಒಂದು ಬಾಡಿಗೆ ಮನೆಯಲ್ಲಿ ಮೂವತ್ತು ಹೆಣ್ಣುಮಕ್ಕಳಿಗೆಂದು ಆರಂಭವಾದ ಕೆಲಸ, 1849ರಿಂದ 1870ರೊಳಗೆ ಊರ ಹೊರಗಿನ ಆಶ್ಲಿ ಡೌನ್ ದಿಣ್ಣೆಯ ಮೇಲೆ ಐದು ದೊಡ್ಡ ಕಟ್ಟಡಗಳಾಗಿ ಬೆಳೆಯಿತು. 1898ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಮನೆಗಳ ಅನ್ನ ಉಂಡ ಮಕ್ಕಳು ಹತ್ತು ಸಾವಿರಕ್ಕೂ ಹೆಚ್ಚು.

ಉಪದೇಶಕರು ಮುಲ್ಲರ್ ಅವರ ಕಥೆ ಹೇಳುವಾಗ ಸಾಮಾನ್ಯವಾಗಿ ಬರಿದಾದ ತಟ್ಟೆಗಳ ಮುಂದೆ ಮಕ್ಕಳು ಕುಳಿತಿರುವಾಗ ರೊಟ್ಟಿಯವನು ಬಂದು ಬಾಗಿಲು ತಟ್ಟಿದ ಪ್ರಸಂಗವನ್ನೇ ಹೇಳುತ್ತಾರೆ. ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಅವರ ಲೆಕ್ಕದ ಪುಸ್ತಕ. ಬಂದ ಪ್ರತಿಯೊಂದು ಕಾಸಿಗೂ ರಸೀದಿ, ವರ್ಷಕ್ಕೊಮ್ಮೆ ಅಚ್ಚಾದ ವರದಿ. ಹದಿಹರೆಯದಲ್ಲಿ ತಂದೆಯ ಹಣ ಕದ್ದು, ತಂಗಿದ ಹೋಟೆಲಿಗೆ ಹಣ ಕೊಡದೆ ಜೈಲು ಕಂಡ ಮನುಷ್ಯ ಇವರೇ ಎಂಬುದನ್ನು ನೆನೆದರೆ, ಕೃಪೆ ಎಂಬುದು ಆ ಪುಸ್ತಕದ ಜಮಾ ಕಡೆಯಲ್ಲಿ ಮಾತ್ರವಲ್ಲ, ಅದನ್ನು ಬರೆದ ಕೈಯಲ್ಲಿಯೇ ಇತ್ತೆನಿಸುತ್ತದೆ. ವರದಿ ಅಚ್ಚುಹಾಕಿಸುವುದೂ ಒಂದು ಬಗೆಯ ಬೇಡುವಿಕೆಯೇ ಅಲ್ಲವೆ ಎಂದು ಕೇಳುವವರು ಕೇಳಬಹುದು. ಆ ಸಂದೇಹ ಅವರಿಗೂ ಇದ್ದಿರಬೇಕು. 1841ರ ಕೊನೆಯಲ್ಲಿ ಕೈ ತೀರ ಬರಿದಾಗಿದ್ದಾಗಲೇ, ಜನರ ಕನಿಕರಕ್ಕೆ ಕೈಯೊಡ್ಡಿದಂತಾಗಬಾರದೆಂದು, ಅವರು ಆ ವರ್ಷದ ವರದಿಯನ್ನು ತಿಂಗಳುಗಟ್ಟಲೆ ತಡೆಹಿಡಿದರು.

ಅವರ ಬಾಳಿನ ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಪ್ರಿಯವಾದದ್ದು. ಮನೆ ಬೇಕೆಂದು ಪ್ರಾರ್ಥಿಸಿದ್ದರು, ಹಣ ಬೇಕೆಂದು ಪ್ರಾರ್ಥಿಸಿದ್ದರು, ನೋಡಿಕೊಳ್ಳುವ ಜನ ಬೇಕೆಂದು ಪ್ರಾರ್ಥಿಸಿದ್ದರು. 1836ರ ಫೆಬ್ರವರಿ 3ರಂದು ಮಕ್ಕಳ ಅರ್ಜಿಗಳನ್ನು ತೆಗೆದುಕೊಳ್ಳಲು ಎರಡು ಗಂಟೆ ಕಾದು ಕುಳಿತರೆ, ಒಬ್ಬರೂ ಬರಲಿಲ್ಲ. ಹಿಂದಿರುಗುವಾಗ ಹೊಳೆಯಿತಂತೆ, ಎಲ್ಲವನ್ನೂ ಕೇಳಿದ್ದೆ, ಮಕ್ಕಳನ್ನು ಕಳುಹಿಸೆಂದು ಮಾತ್ರ ಕೇಳಲಿಲ್ಲ ಎಂದು. ಬಡವರಿಂದ ತುಂಬಿದ ಊರಿನಲ್ಲಿ ಅನಾಥರಿಗೇನು ಕೊರತೆ ಎಂದು ಯಾರೂ ಭಾವಿಸುವಂಥದೇ. ತಾನಾಗಿಯೇ ಆಗುತ್ತದೆಂದು ನಾವು ಗಣನೆಗೆ ತೆಗೆದುಕೊಳ್ಳದ ಜಾಗದಲ್ಲಿಯೇ ನಮ್ಮ ನಂಬಿಕೆಯ ತೂತು ಇರುತ್ತದೆ.

ದೇವರ ಚಿತ್ತವನ್ನು ಅರಿಯುವ ಬಗೆಯನ್ನೂ ಅವರು ಬರೆದಿಟ್ಟಿದ್ದಾರೆ. ಆ ವಿಷಯದಲ್ಲಿ ತನ್ನ ಮನಸ್ಸಿಗೆ ತನ್ನದೇ ಆದ ಹಟ ಉಳಿಯದಂತೆ ಮಾಡಿಕೊಳ್ಳುವುದು ಮೊದಲ ಕೆಲಸ. ಕಷ್ಟದಲ್ಲಿ ಬಹುಪಾಲು ಅಲ್ಲಿಯೇ ತೀರುತ್ತದೆ. ಆಮೇಲೆ ಶಾಸ್ತ್ರವಾಕ್ಯ, ಸುತ್ತಣ ಪರಿಸ್ಥಿತಿ, ಪ್ರಾರ್ಥನೆ ಇವನ್ನೆಲ್ಲ ಕೂಡಿಸಿ ನೋಡುವುದು. ಇಲ್ಲಿ ಅಶರೀರವಾಣಿಯಿಲ್ಲ, ಕನಸಿಲ್ಲ. ಮೇಲೆ ಹೇಳಿದ ಸಂಬಂಧ ಮುರಿದುಕೊಂಡ ಮಹನೀಯರು ಈ ಮೊದಲ ಮೆಟ್ಟಿಲನ್ನೇ ಹತ್ತಿರಲಿಲ್ಲ. ಹಣದ ವಿಷಯದಲ್ಲಿ ಮನಸ್ಸಿನ ಹಟ ಬಿಡದವರಿಗೆ ದೇವರ ಚಿತ್ತವನ್ನು ಕೇಳುವ ಹಕ್ಕು ಇನ್ನೂ ಬಂದಿಲ್ಲವೆಂದೇ ನನ್ನ ಎಣಿಕೆ.

ದೇವರು ನಡೆಸುವುದಾದರೆ ಮನುಷ್ಯನ ಪಾಲು ಎಷ್ಟು ಎಂಬ ಚರ್ಚೆ ನಮ್ಮ ನಾಡಿಗೂ ಹೊಸದಲ್ಲ. ಶ್ರೀವೈಷ್ಣವರಲ್ಲಿ ವಡಗಲೆಯವರು ಮರ್ಕಟಕಿಶೋರ ನ್ಯಾಯವನ್ನೂ ತೆಂಗಲೆಯವರು ಮಾರ್ಜಾಲಕಿಶೋರ ನ್ಯಾಯವನ್ನೂ ಹೇಳುತ್ತಾರೆ. ಕೋತಿಯ ಮರಿ ತಾನೇ ತಾಯಿಯನ್ನು ತಬ್ಬಿ ಹಿಡಿಯಬೇಕು; ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಕ್ರೈಸ್ತರಲ್ಲಿ ಐದನೆಯ ಶತಮಾನದ ಆದಿಯಲ್ಲಿ ಅಗಸ್ಟೀನನಿಗೂ ಪೆಲೇಗಿಯಸನಿಗೂ ನಡೆದ ವಾದ ಇದಕ್ಕೆ ತೀರ ದೂರದ್ದಲ್ಲ. ಕೃಪೆಯೇ ಮೊದಲೆಂದು ಸಾಧಿಸಿದ ಅಗಸ್ಟೀನನ ಪಕ್ಷವನ್ನೇ ಸಭೆ ಹಿಡಿಯಿತು. ತತ್ತ್ವದಲ್ಲಿ ಇವೆರಡನ್ನೂ ಕೂಡಿಸುವುದು ಕಷ್ಟ. ಬಾಳಿನಲ್ಲಿ ಅಷ್ಟು ಕಷ್ಟವಿಲ್ಲವೆಂದು ತೋರುತ್ತದೆ. ಮುಲ್ಲರ್ ಅವರು ಲೆಕ್ಕ ಬರೆಯುವಾಗ ಕೋತಿಮರಿ, ಮೊಣಕಾಲೂರಿದಾಗ ಬೆಕ್ಕಿನ ಮರಿ. ಇಸ್ರಾಯೇಲರಿಗೆ ಕಾಡಿನಲ್ಲಿ ಮನ್ನ ಸುರಿದ ಕಥೆಯಲ್ಲಿಯೂ ಅಷ್ಟೆ. ಸುರಿಸಿದವನು ದೇವರು; ಬೆಳಗ್ಗೆ ಎದ್ದು, ಬಿಸಿಲೇರುವ ಮುಂಚೆ, ಬೊಗ್ಗಿ ಕೂಡಿಸಿಕೊಳ್ಳಬೇಕಾದವರು ಇವರು. ನಾಳೆಗಿರಲೆಂದು ಮುಚ್ಚಿಟ್ಟದ್ದು ಹುಳುಬಿದ್ದು ನಾರಿತಂತೆ. ತಿಂಗಳ ಸಂಬಳದಲ್ಲಿ ಮಗಳ ಓದಿಗಿಷ್ಟು, ಔಷಧಿಗಿಷ್ಟು ಎಂದು ತೆಗೆದಿಡುವ ನನ್ನಂಥವನಿಗೆ ಈ ಮಾತು ಸ್ವಲ್ಪ ಚುಚ್ಚುತ್ತದೆ. ಆದರೆ ಸಬ್ಬತ್ತಿನ ಹಿಂದಿನ ದಿನ ಎರಡು ದಿನದ್ದನ್ನು ಕೂಡಿಸಲು ಅಪ್ಪಣೆಯಿತ್ತು, ಅದು ಕೆಡಲಿಲ್ಲ ಎಂಬುದನ್ನೂ ಅದೇ ಕಥೆ ಹೇಳುತ್ತದೆ. ನನ್ನಂಥವರು ಆ ವಾಕ್ಯವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ.

ಇಷ್ಟು ಹೊತ್ತು ಹೇಳಿದ್ದು ಕೇಳಿದವರಿಗೆ ದೊರೆತ ಕಥೆ. ದೊರೆಯದವರ ಮಾತು ಬೇರೆ.

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಾರ್ಥನಾಕೂಟದಲ್ಲಿ ಒಬ್ಬರು ಎದ್ದು ಸಾಕ್ಷಿ ಹೇಳಿದರು. ಐದು ನಿಮಿಷ ತಡವಾಗಿ ಅವರಿಗೆ ಬಸ್ಸು ತಪ್ಪಿತ್ತು. ಆ ಬಸ್ಸು ಘಾಟಿಯ ತಿರುವಿನಲ್ಲಿ ಉರುಳಿ ಹಲವರು ಸತ್ತರು. ದೇವರು ತಮ್ಮನ್ನು ಕೈಹಿಡಿದು ತಡೆದನೆಂದು ಅವರು ಕಣ್ಣೀರಿಡುತ್ತ ಹೇಳಿದರು. ಸೋಗಿನ ಕಣ್ಣೀರಲ್ಲ. ಆದರೆ ಅವರ ಹಿಂದಿನ ಸಾಲಿನಲ್ಲಿಯೇ ಒಬ್ಬ ಮುದುಕಿ ಕುಳಿತಿದ್ದರು. ಅವರ ಕಿರಿಯ ಮಗನಿಗೆ ಆ ಬಸ್ಸು ತಪ್ಪಿರಲಿಲ್ಲ. ಕೂಟ ಮುಗಿದ ಮೇಲೆ ಅವರನ್ನು ಮನೆಗೆ ಬಿಡಲು ಜೊತೆಯಲ್ಲಿ ನಡೆದೆ. ಬಹಳ ದೂರ ಇಬ್ಬರೂ ಮಾತಾಡಲಿಲ್ಲ. ಕೊನೆಗೆ ಅವರೇ, 'ಅವರು ದೇವರನ್ನು ಸ್ತುತಿಸಿದ್ದು ತಪ್ಪಲ್ಲ ಮಗಾ. ಆದರೆ ದೇವರೂ ಆ ಬಸ್ಸು ಹತ್ತಲಿಲ್ಲವೇನೋ ಎನ್ನುವ ಹಾಗೆ ಮಾತಾಡಿದರು. ಅದೊಂದು ನನಗೆ ಸೇರಲಿಲ್ಲ' ಎಂದರು.

ಕೃಪೆಯ ಮೇಲೆ ನಾನು ಕೇಳಿರುವ ಪ್ರಸಂಗಗಳು ಕಡಿಮೆಯೇನಲ್ಲ. ಇಷ್ಟು ದೂರ ಹೋದದ್ದು ಯಾವುದೂ ಇಲ್ಲ. ಪಾರಾದದ್ದಕ್ಕೆ ಮಾತ್ರ ಕೃಪೆಯೆಂದು ಹೆಸರಿಟ್ಟರೆ, ಪಾರಾಗದವರನ್ನು ದೇವರು ಕೈಬಿಟ್ಟನೆಂದು ಹೇಳಿದ ಹಾಗಾಗುತ್ತದೆ. ಕ್ರೈಸ್ತನಂತೂ ಹಾಗೆ ಹೇಳುವಂತಿಲ್ಲ. ಏಕೆಂದರೆ ಅವನ ಧರ್ಮದ ನಟ್ಟನಡುವೆ ಇರುವುದೇ ಈಡೇರದೆ ಹೋದ ಒಂದು ಪ್ರಾರ್ಥನೆ. ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಆ ಪಾತ್ರೆ ತನ್ನಿಂದ ತೊಲಗಲೆಂದು ಬೇಡಿಕೊಂಡನು, ಅದು ತೊಲಗಲಿಲ್ಲ. 'ನಿನ್ನ ಚಿತ್ತದಂತೆ' ಎಂಬ ಮಾತು ನಮ್ಮ ಹಿರಿಯರ ಕಾಗದಗಳಿಗೆ ಬಂದದ್ದು ಅಲ್ಲಿಂದಲೂ ಹೌದು; ಅದು ಹುಟ್ಟಿದ್ದು ಸುಖದ ಜಾಗದಲ್ಲಲ್ಲ. ಪೌಲನು ತನ್ನ ಮೈಯಲ್ಲಿ ನೆಟ್ಟ ಶೂಲವನ್ನು ತೆಗೆಯೆಂದು ಮೂರು ಸಲ ಕೇಳಿಕೊಂಡ. ಶೂಲ ಹೋಗಲಿಲ್ಲ, ಅದನ್ನು ಹೊತ್ತು ನಡೆಯಲು ಸಾಕಾಗುವಷ್ಟು ಕೃಪೆ ಇದೆಯೆಂಬ ಉತ್ತರ ಬಂತು. ಮಗನನ್ನು ಕಳೆದುಕೊಂಡ ತಾಯಿಗೆ ನಾನು ಇದನ್ನು ಹೇಳಲಾರೆ. ಹೇಳುವುದು ನನ್ನ ಅಧಿಕಾರವೂ ಅಲ್ಲ. ಅವರಾಗಿಯೇ ಹೇಳಿದರೆ ಕೇಳಬಲ್ಲೆ.

ನಡೆಸುವಿಕೆಯ ವಿಷಯದಲ್ಲಿಯೂ ಬಾಗಿಲು ತೆರೆದದ್ದನ್ನಷ್ಟೇ ನಾವು ಎಣಿಸುತ್ತೇವೆ. ಇದೇ ಪೌಲನು ಆಸ್ಯಸೀಮೆಯಲ್ಲಿ ಬೋಧಿಸಲು ಹೊರಟರೆ ತಡೆಯಾಯಿತು. ಬಿಥೂನ್ಯಕ್ಕೆ ಹೋಗಲು ನೋಡಿದರೆ ಅಲ್ಲಿಯೂ ತಡೆ. ಬೇರೆ ದಾರಿ ಕಾಣದೆ ಸಮುದ್ರತೀರದ ತ್ರೋವಕ್ಕೆ ಬಂದ ಮೇಲೆಯೇ ಮಕೆದೋನ್ಯದ ಕರೆ ಬಂದದ್ದು. ಆ ಎರಡು ತಡೆಗಳ ನಡುವಿನ ದಿನಗಳನ್ನು ಅವನು ಹೇಗೆ ಕಳೆದನೋ! ಅಪೊಸ್ತಲರ ಕೃತ್ಯಗಳನ್ನು ಬರೆದವನು ಅದನ್ನು ಎರಡು ವಾಕ್ಯಗಳಲ್ಲಿ ದಾಟಿಬಿಡುತ್ತಾನೆ.

ಅಂಥ ದಿನಗಳ ಕವಿತೆಯೊಂದು ಕನ್ನಡಿಗರೆಲ್ಲರಿಗೂ ಗೊತ್ತು. ಬಿ.ಎಂ.ಶ್ರೀಯವರ 'ಕರುಣಾಳು ಬಾ ಬೆಳಕೆ'ಯನ್ನು ಶಾಲೆಯಲ್ಲಿ ಹಾಡಿದ ಮಕ್ಕಳು ಎಷ್ಟೋ. ಅದು ಮೂಲದಲ್ಲಿ ಕ್ರೈಸ್ತ ಯಾಜಕರೊಬ್ಬರ ಪ್ರಾರ್ಥನೆಯೆಂಬುದು ಎಷ್ಟೋ ಜನಕ್ಕೆ ತಿಳಿಯದಷ್ಟು ಅದು ನಮ್ಮದಾಗಿದೆ. ಅನುವಾದಕ್ಕೆ ಇದಕ್ಕಿಂತ ದೊಡ್ಡ ಬಿರುದು ಬೇಕಿಲ್ಲ. ಮೂಲದ ಕರ್ತೃ ಜಾನ್ ಹೆನ್ರಿ ನ್ಯೂಮನ್ ಅವರು 1833ರ ಮೇ ತಿಂಗಳಲ್ಲಿ ಸಿಸಿಲಿಯಲ್ಲಿ ಒಂಟಿಯಾಗಿ ಜ್ವರದಿಂದ ಮಲಗಿದ್ದರು. ಯಜಮಾನರು ಉಳಿಯುವುದಿಲ್ಲವೆಂದು ಸೇವಕನು ಕೊನೆಯ ಅಪ್ಪಣೆಯೇನೆಂದು ಕೇಳಿಯೂ ಬಿಟ್ಟಿದ್ದ. ಉಳಿದುಕೊಂಡರು, ಇಂಗ್ಲೆಂಡಿನಲ್ಲಿ ತನಗೆ ಕೆಲಸವಿದೆಯೆಂದು ಚಡಪಡಿಸಿದರು. ಪಾಲೆರ್ಮೋದಲ್ಲಿ ಹಡಗಿಗಾಗಿ ಮೂರು ವಾರ ಕಾದು, ಕೊನೆಗೆ ಕಿತ್ತಳೆಹಣ್ಣು ಹೊತ್ತು ಮಾರ್ಸೇಲ್ಸಿಗೆ ಹೊರಟಿದ್ದ ಒಂದು ದೋಣಿ ಹತ್ತಿದರೆ, ಕಾರ್ಸಿಕ ಸಾರ್ಡಿನಿಯಗಳ ನಡುವಿನ ಬೊನಿಫಾಚಿಯೊ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ಒಂದು ವಾರ ಅದು ನಿಂತಲ್ಲೇ ನಿಂತಿತು. ಆ ಪ್ರಯಾಣದಲ್ಲಿ, ಜೂನ್ 16ರಂದು, ಬರೆದ ಪದ್ಯ ಅದು. ದೂರದ ನೋಟ ಬೇಡ, ಮುಂದಿನ ಹೆಜ್ಜೆ ಕಂಡರೆ ಸಾಕು ಎಂಬುದು ಅದರ ಬೇಡಿಕೆ. ಗಾಳಿಗಾಗಿ ಕೂಡ ಅಲ್ಲಿ ಕೇಳಿಲ್ಲ.

ಅದಕ್ಕೆ ಅವರು ಕೊಟ್ಟ ಹೆಸರು ಮೇಘಸ್ತಂಭವೆಂದು. ಇಸ್ರಾಯೇಲರನ್ನು ಹಗಲು ಮೋಡವಾಗಿ ರಾತ್ರಿ ಬೆಂಕಿಯಾಗಿ ನಡೆಸಿದ ಸ್ತಂಭ ಅದು. ಆ ಮೋಡ ಎದ್ದಾಗ ಜನ ಡೇರೆ ಕಿತ್ತು ಹೊರಡಬೇಕು. ಅದು ಎರಡು ದಿನವಿರಲಿ, ತಿಂಗಳಿರಲಿ, ವರ್ಷವಿರಲಿ, ನಿಂತಷ್ಟು ಕಾಲ ಇವರೂ ನಿಲ್ಲಬೇಕೆಂದು ಅರಣ್ಯಕಾಂಡದಲ್ಲಿದೆ. ನಿಲ್ಲಿಸುವುದೂ ನಡೆಸುವುದೇ ಎಂಬ ಈ ಅರ್ಥ, ಗಾಳಿಯಿಲ್ಲದ ದೋಣಿಯಲ್ಲಿ ಕುಳಿತವರಿಗೆ ಹೊಳೆದದ್ದರಲ್ಲಿ ಸೋಜಿಗವೇನಿಲ್ಲ. ಕಾಲೇಜಿನ ಹುಡುಗರಿಗೆ ಇದನ್ನು ಹೇಳಿದಾಗ ಅವರು ಸುಮ್ಮನೆ ಬರೆದುಕೊಳ್ಳುತ್ತಾರೆ. ಕೆಲಸ ಸಿಗದೆ ಎರಡು ಮೂರು ವರ್ಷ ಮನೆಯಲ್ಲಿ ಕುಳಿತವರು ಆಮೇಲೆ ಎಂದೋ ದಾರಿಯಲ್ಲಿ ಸಿಕ್ಕಿದಾಗ ಅದನ್ನು ನೆನೆಸಿಕೊಂಡು ಮಾತಾಡಿದ್ದುಂಟು.

ಗಾಂಧೀಜಿಯವರಿಗೆ ಈ ಹಾಡು ಎಷ್ಟು ಪ್ರಿಯವೆಂಬುದು ಎಲ್ಲರಿಗೂ ತಿಳಿದದ್ದೇ. 1908ರ ಫೆಬ್ರವರಿ 10ರಂದು, ಜೋಹಾನ್ಸ್‌ಬರ್ಗಿನಲ್ಲಿ, ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದದಂತೆ ಹೆಸರು ನೋಂದಾಯಿಸಲು ಹೊರಟಿದ್ದವರನ್ನು ತಮ್ಮವರೇ ಕೆಲವರು ಬೀದಿಯಲ್ಲಿ ಬಡಿದು ಕೆಡವಿದರು. ಜೋಸೆಫ್ ಡೋಕ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿಗಳು ಅವರನ್ನು ತಮ್ಮ ಮನೆಗೆ ಕರೆದೊಯ್ದು ಮಲಗಿಸಿದರು. ಕೆನ್ನೆಗೆ, ತುಟಿಗೆ ಹೊಲಿಗೆ ಬಿದ್ದಿತ್ತು. ಹೊಡೆದವರ ಮೇಲೆ ಮೊಕದ್ದಮೆ ಬೇಡವೆಂದು ತಿಳಿಸಿ, ನೋಂದಣಿಯ ಅಧಿಕಾರಿಯನ್ನು ಹಾಸಿಗೆಯ ಬಳಿಗೇ ಕರೆಸಿ, ಆ ದಿನ ಮಾಡಲು ಹೊರಟಿದ್ದ ಕೆಲಸವನ್ನು, ಬೆರಳೊತ್ತುವುದನ್ನು, ಗಾಂಧೀಜಿ ಮುಗಿಸಿದರು. ಕತ್ತಲಾಗುವ ಹೊತ್ತಿಗೆ ಅವರು ಕೇಳಿದ್ದು ಈ ಹಾಡನ್ನು. ಡೋಕ್ ಅವರು ನಕ್ಕು, ತಮ್ಮ ಪುಟ್ಟ ಮಗಳು ಆಲಿವ್‌ಳನ್ನು ಸನ್ನೆಮಾಡಿ ಕರೆದು, ಬಾಗಿಲ ಬಳಿ ನಿಂತು ಮೆಲುದನಿಯಲ್ಲಿ ಹಾಡೆಂದರು.