ಕಂಡದ್ದೇನು, ತಂದದ್ದೇನು?

ಯುರೋಪಿನ ಮೂರು ನಗರಗಳನ್ನು ಸುತ್ತಿ ವಂಡ್ಸೆಗೆ ಮರಳಿದಾಗ ನನ್ನ ಮೊಬೈಲಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳಿದ್ದವು. ಪೇಟೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಒಂದೊಂದನ್ನೇ ತೋರಿಸತೊಡಗಿದೆ. ಪ್ಯಾರಿಸ್ಸಿನ ಐಫೆಲ್ ಗೋಪುರ, ಅದರೆದುರು ನಾನು. ನೇಪಲ್ಸ್‌ನ ಕಡಲ ದಂಡೆ, ಅಲ್ಲಿಯೂ ನಾನು. ಬರ್ಲಿನ್, ಮತ್ತೆ ನಾನೇ. ನೆರೆಮನೆಯ ಹಿರಿಯರೊಬ್ಬರು ಹತ್ತಿಪ್ಪತ್ತು ಚಿತ್ರಗಳನ್ನು ತಾಳ್ಮೆಯಿಂದ ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟು ಕೇಳಿದರು: "ಪಟ ಇರ್ಲಿ ಮಾರಾಯ್ರೆ, ನೀವ್ ಎಂತ ಕಂಡ್ರಿ? ಹೇಳಿ ಕಾಂಬ."

ನನ್ನ ಬಳಿ ಉತ್ತರವಿರಲಿಲ್ಲ. ಲೂವ್ರ್ ಸಂಗ್ರಹಾಲಯದ ಮೋನಾಲಿಸಾ ಚಿತ್ರ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ್ದು. ಅಷ್ಟು ಸಣ್ಣ ಚಿತ್ರವನ್ನು ನಾನು ನೋಡಿದ್ದು ಮುಂದಿನವರು ಎತ್ತಿ ಹಿಡಿದ ಮೊಬೈಲುಗಳ ಸಂದಿನಿಂದ, ಅದೂ ನನ್ನ ಮೊಬೈಲಿನ ಮೂಲಕ. ಆಕೆಯ ನಗುವಿನ ಬಗ್ಗೆ ಜಗತ್ತೆಲ್ಲ ಮಾತನಾಡುತ್ತದೆ. ನನ್ನನ್ನು ಕೇಳಿದರೆ ಮೊಬೈಲು ತೆರೆದು ನೋಡಿ ಹೇಳಬೇಕು!

ಇದು ನನ್ನೊಬ್ಬನ ಸಮಸ್ಯೆಯೇನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಅವರ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಸಂಗ್ರಹಾಲಯದಲ್ಲಿ ಬರಿದೇ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳನ್ನು ವಿದ್ಯಾರ್ಥಿಗಳು ಕಡಿಮೆ ನೆನಪಿಟ್ಟುಕೊಂಡಿದ್ದರು. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ತಂದು ಚಿತ್ರ ತೆಗೆದಾಗ ನೆನಪು ಕುಂದಿರಲಿಲ್ಲ. ಅಂದರೆ ತಪ್ಪು ಕ್ಯಾಮೆರಾದ್ದಲ್ಲ. 'ಯಂತ್ರ ನೆನಪಿಟ್ಟುಕೊಳ್ಳುತ್ತದೆ, ನನಗೇಕೆ ಚಿಂತೆ' ಎಂದು ಮನಸ್ಸು ಕೈಚೆಲ್ಲುವುದೇ ತಪ್ಪು.

14ನೆಯ ಶತಮಾನದಲ್ಲಿ ನಮ್ಮ ಕರಾವಳಿಯನ್ನು ಹಾದುಹೋದ ಇಬ್ನ್ ಬತೂತಾರನ್ನು ನೆನೆಯೋಣ. ಅವರು ಹೆಸರಿಸಿದ ಅಬೂಸರೂರ್, ಫಾಕನೂರ್‌ಗಳನ್ನು ನಮ್ಮ ಬಸ್ರೂರು, ಬಾರಕೂರು ಎಂದೇ ವಿದ್ವಾಂಸರು ಗುರುತಿಸುತ್ತಾರೆ. ದಾರಿಯಲ್ಲಿ ಕಡಲುಗಳ್ಳರ ಪಾಲಾದ ಅವರ ಸ್ವತ್ತಿನಲ್ಲಿ ಬರೆದಿಟ್ಟ ಟಿಪ್ಪಣಿಗಳೂ ಸೇರಿದ್ದವು. ಆದರೂ ಊರಿಗೆ ಮರಳಿದ ಮೇಲೆ ತಮ್ಮ ಪ್ರವಾಸವನ್ನು ಇಬ್ನ್ ಜುಝೈ ಎಂಬ ವಿದ್ವಾಂಸರಿಗೆ ಹೇಳಿ ಬರೆಸಿದರು. 1355ರಲ್ಲಿ ಆ ಗ್ರಂಥ ಪೂರ್ಣವಾಯಿತು. ನೆನಪಿನಿಂದ ಹೇಳಿದ್ದರಲ್ಲಿ ತಪ್ಪುಗಳೂ ಇವೆ. ಆದರೆ ಕಾನ್‌ಸ್ಟಾಂಟಿನೋಪಲ್ಲಿನ ಹಾಗಿಯಾ ಸೋಫಿಯಾದ ವಿಷಯ ಬಂದಾಗ ಅವರು ಒಂದು ಮಾತು ಸ್ಪಷ್ಟಪಡಿಸುತ್ತಾರೆ: ಒಳಭಾಗವನ್ನು ತಾವು ನೋಡಿಲ್ಲ, ಹೊರಗಿನದನ್ನಷ್ಟೇ ವರ್ಣಿಸುತ್ತೇವೆ. ಕಂಡವನು ಸಾಕ್ಷಿ. ಕಾಣದ್ದನ್ನು ಕಂಡಿಲ್ಲವೆನ್ನುವುದು ಸಾಕ್ಷಿಯ ಮೊದಲ ಕರ್ತವ್ಯ. ಗೋಪುರದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು 'ಪ್ಯಾರಿಸ್ ನೋಡಿದೆ' ಎನ್ನುವ ನಮಗೆ ಆ ಪ್ರಾಮಾಣಿಕತೆ ಇದೆಯೇ?

ನಮ್ಮ ಕೋಟದ ಶಿವರಾಮ ಕಾರಂತರು ಕ್ಯಾಮೆರಾ ಬಲ್ಲವರು. ಮೂಕಿ ಚಿತ್ರಗಳ ಕಾಲದಲ್ಲೇ ಸಿನಿಮಾ ತೆಗೆದವರು. ಆದರೆ ಯುರೋಪನ್ನು ನನಗೆ ಮೊದಲು ತೋರಿಸಿದ್ದು ಅವರ 'ಅಪೂರ್ವ ಪಶ್ಚಿಮ'ದ ಮಾತುಗಳು.

ಸಾಕ್ಷಿಗೆ ಇನ್ನೊಂದು ಕರ್ತವ್ಯವಿದೆ. ಬರ್ಲಿನ್ನಿನಲ್ಲಿ, ನಾಝಿಗಳು ಕೊಂದ ಸುಮಾರು 60 ಲಕ್ಷ ಯಹೂದಿಯರ ನೆನಪಿಗೆ 2005ರಲ್ಲಿ ತೆರೆದ ಸ್ಮಾರಕವಿದೆ. 2,711 ಕಾಂಕ್ರೀಟ್ ಕಲ್ಲುಗಳು. ಅವುಗಳಲ್ಲೊಂದರ ಮೇಲೆ ಕುಳಿತು, ನಗುತ್ತಾ ನಾನು ಚಿತ್ರ ತೆಗೆಸಿಕೊಂಡಿದ್ದೆ. 2017ರಲ್ಲಿ ಶಹಾಕ್ ಶಪೀರಾ ಎಂಬ ಕಲಾವಿದ ಇಂಥದೇ 12 ಚಿತ್ರಗಳನ್ನು ತೆಗೆದುಕೊಂಡು, ಅವುಗಳಲ್ಲಿದ್ದವರನ್ನು ನಾಝಿ ಶಿಬಿರಗಳ ಶವರಾಶಿಗಳ ನಡುವೆ ನಿಲ್ಲಿಸಿ ತೋರಿಸಿದ್ದ ಸಂಗತಿ ನನಗೆ ಆಮೇಲೆ ತಿಳಿಯಿತು. ಅವರಲ್ಲಿ ಅನೇಕರು ಕ್ಷಮೆ ಕೇಳಿದರು. ಸ್ಮಾರಕದ ವಾಸ್ತುಶಿಲ್ಪಿ ಪೀಟರ್ ಐಸೆನ್‌ಮನ್ ಮಾತ್ರ ಆ ಕಟುತನವನ್ನು ಒಪ್ಪಲಿಲ್ಲ. ಅಲ್ಲಿ ಶವಗಳಿಲ್ಲ, ಅದು ಸ್ಮಶಾನವಲ್ಲ ಎಂಬುದು ಅವರ ವಾದ. ಅದೂ ಸರಿಯಿರಬಹುದು. ಆದರೆ ಸತ್ತವರ ನೆನಪಿಗೆಂದು ಇಟ್ಟ ಕಲ್ಲು ನನ್ನ ಚಿತ್ರದಲ್ಲಿ ಬರೀ ಆಸನವಾಗಿತ್ತು. ಇನ್ನೊಬ್ಬರ ದುಃಖ ನನ್ನ ನಗುವಿಗೆ ಹಿನ್ನೆಲೆಯಾಗಬಹುದೇ?

ಸತ್ತವರ ಮಾತು ಹಾಗಿರಲಿ, ಬದುಕಿರುವವರ ಬಗೆಗಾದರೂ ನಮಗೆ ಎಚ್ಚರವಿದೆಯೇ? ಪ್ಯಾರಿಸ್ಸಿನಲ್ಲಿ ನೆಲದ ಮೇಲೆ ಬಟ್ಟೆ ಹಾಸಿ, ಪುಟ್ಟ ಗೋಪುರಗಳನ್ನು ಮಾರುತ್ತಿದ್ದ ಆಫ್ರಿಕಾದ ಯುವಕನೊಬ್ಬನ ಕಡೆ ಮೊಬೈಲು ತಿರುಗಿಸಿದೆ. ಅವನು ಅಂಗೈಯಿಂದ ಮುಖ ಮುಚ್ಚಿಕೊಂಡ. ಅಂಥ ಚಿತ್ರ ಪೊಲೀಸರ ಕೈಸೇರಿದರೆ ಅವನ ಅನ್ನ ಹೋಗಬಹುದೆಂದು ನನಗೆ ಹೊಳೆಯಲಿಲ್ಲ. ನಾನು ಚಿತ್ರ ತೆಗೆದೇ ಬಿಟ್ಟೆ.

ಊರಿಗೆ ಬಂದ ಮೇಲೆ, ಮಳೆಗಾಲದಲ್ಲಿ, ಕೊಲ್ಲೂರಿಗೆ ಹೊರಟ ಕಾರೊಂದು ನಮ್ಮೂರ ಗದ್ದೆಯ ಬಳಿ ನಿಂತಿತು. ಇಳಿದವರು ನಟ್ಟಿ ಮಾಡುತ್ತಿದ್ದ ಹೆಂಗಸರ ಚಿತ್ರ ತೆಗೆಯತೊಡಗಿದರು. ಮೊಣಕಾಲವರೆಗೆ ಸೀರೆ ಎತ್ತಿಕಟ್ಟಿ ಕೆಸರಿನಲ್ಲಿ ನಿಂತಿದ್ದ ಪಕ್ಕದ ಮನೆಯಾಕೆ ಸೆರಗಿನಿಂದ ಮುಖ ಮರೆಸಿಕೊಂಡರು. ನನಗೆ ಸಿಟ್ಟು ಬಂತು. 'ಕೇಳಬಾರದೇ ಒಂದು ಮಾತು?' ಎಂದು ಅವರ ಮೇಲೆ ರೇಗಲು ಹೊರಟವನು ಅರ್ಧದಲ್ಲೇ ನಿಂತೆ. ಪ್ಯಾರಿಸ್ಸಿನ ಆ ಅಂಗೈ ನೆನಪಾಗಿತ್ತು. ಆ ರಾತ್ರಿ ಅವನ ಚಿತ್ರವನ್ನೂ ಬರ್ಲಿನ್ನಿನ ನನ್ನ ನಗುವನ್ನೂ ಅಳಿಸಿದೆ. ಮಾಡಿದ ತಪ್ಪು ಮಾತ್ರ ಅಷ್ಟಕ್ಕೇ ಅಳಿಯುವುದಿಲ್ಲ.

ಹಾಗೆಂದು ಕ್ಯಾಮೆರಾವನ್ನು ಬಿಸುಡಬೇಕಾಗಿಲ್ಲ. ಮನೆಯಿಂದ ಹೊರಡಲಾಗದ ತಾಯಿಗೆ ದೂರದ ಕಡಲನ್ನು ತೋರಿಸುವ ಚಿತ್ರ ಒಂದು ಉಡುಗೊರೆಯೇ. ಕ್ಲಿಕ್ಕಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು: ನಾನಿದನ್ನು ನೋಡಿದೆನೇ? ನೋಡಿಸಿಕೊಳ್ಳುವವರು ಒಪ್ಪುತ್ತಾರೆಯೇ?

ಹಿರಿಯರಿಗೆ ಕೊನೆಗೆ ಒಂದು ಉತ್ತರ ಸಿಕ್ಕಿತು. ನೇಪಲ್ಸ್‌ನಲ್ಲಿ ಒಂದು ಸಂಜೆ ಮೊಬೈಲಿನ ಬ್ಯಾಟರಿ ಮುಗಿದಿತ್ತು. ಇಕ್ಕಟ್ಟಾದ ಓಣಿಯ ನಾಲ್ಕನೆಯ ಮಹಡಿಯಿಂದ ಅಜ್ಜಿಯೊಬ್ಬರು ಹಗ್ಗಕ್ಕೆ ಕಟ್ಟಿದ ಬುಟ್ಟಿಯನ್ನು ಇಳಿಬಿಟ್ಟರು. ಕೆಳಗಿದ್ದ ಅಂಗಡಿಯ ಹುಡುಗ ಅದರಲ್ಲಿ ರೊಟ್ಟಿ, ಹಾಲು ಇಟ್ಟ. ಅಜ್ಜಿ ನಿಧಾನವಾಗಿ ಸೇದಿಕೊಂಡರು, ನಮ್ಮ ಮನೆಯ ಬಾವಿಯಿಂದ ನೀರು ಸೇದುವ ಹಾಗೆ. ಇದನ್ನು ಹೇಳಿದಾಗ ಹಿರಿಯರು ಲೋಟ ಕೆಳಗಿಟ್ಟು, "ರೊಟ್ಟಿ ತಾಗ್ದೆ ಮೇಲೆ ಬಂತಾ?" ಎಂದು ವಿಚಾರಿಸಿದರು. ಆ ಎರಡು ಸಾವಿರ ಚಿತ್ರಗಳ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.